ಜಾಡಿಗೆ ನೀರು ಹೊಯ್ದವನು

ಒಂದು ದೊಡ್ಡ ಜಾಡಿ ವೈನ್ ಮಾಡಲು ಎಷ್ಟು ಖರ್ಚಾಗುತ್ತದೆ ಎಂದು ಯಾರಾದರೂ ಕೇಳಿದರೆ ಲಾಂಡ್ರಿಯಮ್ಮ ಶರ್ಟಿನ ಲೆಕ್ಕದಲ್ಲಿ ಹೇಳುತ್ತಿದ್ದಳು. ಕಪ್ಪು ದ್ರಾಕ್ಷಿಗೆ ಇನ್ನೂರು ಶರ್ಟಿನ ಇಸ್ತ್ರಿ. ಸಕ್ಕರೆಗೆ ಮೂವತ್ತು. ಯೀಸ್ಟ್ ಪೊಟ್ಟಣಕ್ಕೆ ಎರಡು. ಗಾಜಿನ ಜಾಡಿಗೆ ಎಂಬತ್ತು, ಅದು ಒಮ್ಮೆ ಕೊಂಡರೆ ಒಡೆಯುವ ತನಕ ಬಂತು. ರಬ್ಬರ್ ಕೊಳವೆ, ಬಿರಡೆ ಎಲ್ಲ ಸೇರಿ ನಾಲ್ಕು ಪ್ಯಾಂಟು. ದಾಳಿಂಬೆ ಸಿಪ್ಪೆಗೆ ಏನೂ ಇಲ್ಲ, ಹಣ್ಣು ತಿಂದವರು ಹೇಗೂ ಎಸೆಯುತ್ತಾರೆ. ಕಾಯುವುದಕ್ಕೆ ಒಂದು ವರ್ಷ, ಅದಕ್ಕೆ ಶರ್ಟಿನಲ್ಲಿ ಲೆಕ್ಕವಿಲ್ಲ. ಇನ್ನು ನೀರು. ನೀರು ನಲ್ಲಿಯಲ್ಲಿ ಪುಕ್ಕಟೆ ಬರುತ್ತದೆ. ಅವಳ ಮೈದುನ ಆರಿಸಿಕೊಂಡದ್ದು ಆ ಕೊನೆಯದನ್ನು.

ವೈನ್ ಮಾಡುವ ಹುಚ್ಚು ಮೊದಲು ಹತ್ತಿದ್ದು ಅವಳ ಗಂಡನಿಗೆ. ಹಗಲೆಲ್ಲ ಹಬೆಯ ಇಸ್ತ್ರಿ ಪೆಟ್ಟಿಗೆ ಹಿಡಿದು ಬೇಯುವ ಮನುಷ್ಯನಿಗೆ ತಣ್ಣಗಿನ ಕೆಲಸ ಒಂದು ಬೇಕಿತ್ತು. ಅಂಗಡಿಯ ಹಿಂದೆ ಒಗೆಯುವ ಯಂತ್ರಗಳಿದ್ದ ಕೋಣೆ, ಅದರ ಹಿಂದೆ ಬಿಸಿಲು ಬೀಳದ ಇನ್ನೊಂದು ಪುಟ್ಟ ಕೋಣೆ. ಹಳೆಯ ಹ್ಯಾಂಗರು, ಮುರಿದ ಬುಟ್ಟಿಗಳನ್ನೆಲ್ಲ ಹೊರಗೆ ಹಾಕಿ ಅಲ್ಲಿ ಜಾಡಿ ಇಟ್ಟ. ಮೊದಲ ವರ್ಷದ ವೈನ್ ಪಾತ್ರೆ ತಿಕ್ಕಲಿಕ್ಕೆ ಲಾಯಕ್ಕಾಯಿತು. ಎರಡನೆಯದು ಗಂಟಲಿಗೆ ಇಳಿಯಿತು. ನಾಲ್ಕನೆಯ ವರ್ಷ ಊರಿನ ಮನೆ-ವೈನ್ ಸಂಘದವರು ಅವನ ಬಾಟಲಿಯನ್ನು ಮೊದಲು ತೆರೆಯತೊಡಗಿದರು. ನಾಲಿಗೆ ಹಿಡಿಯುವ ಒಂದು ಒಗರು ಬೇಕೆಂದು ಒಣಗಿದ ದಾಳಿಂಬೆ ಸಿಪ್ಪೆ ಹಾಕುತ್ತಿದ್ದವನು ಆ ಸಂಘದಲ್ಲಿ ಅವನೊಬ್ಬನೇ.

ಅವನದ್ದು ಒಂದೇ ಕಟ್ಟುನಿಟ್ಟು. ವರ್ಷ ತುಂಬುವ ತನಕ ಯಾರೂ ರುಚಿ ನೋಡಕೂಡದು, ಮಾಡಿದವನೂ ಕೂಡ. "ಗರ್ಭಿಣಿಯ ಹೊಟ್ಟೆ ಬಗೆದು ಮಗು ಹೆಣ್ಣೋ ಗಂಡೋ ನೋಡ್ತಾರೇನೇ?" ಎನ್ನುತ್ತಿದ್ದ. ಸಂಘದ ಉಳಿದವರು ತಿಂಗಳಿಗೊಮ್ಮೆ ಚಮಚ ಅದ್ದಿ ಚಪ್ಪರಿಸುತ್ತಿದ್ದರು. ಈ ಮನೆಯಲ್ಲಿ ಮಾತ್ರ ಚಮಚ ಜಾಡಿಯ ಹತ್ತಿರ ಸುಳಿಯುತ್ತಿರಲಿಲ್ಲ.

ಕೊನೆಯ ಜಾಡಿ ತುಂಬಿ ನಾಲ್ಕು ತಿಂಗಳಿಗೆ ಅವನು ಹೋದ. ಇಸ್ತ್ರಿ ಮೇಜಿನ ಮುಂದೆ ಎದೆ ಹಿಡಿದುಕೊಂಡು ಕೂತ, ಏಳಲಿಲ್ಲ. ಅವಳು ಪೆಟ್ಟಿಗೆಯ ಸ್ವಿಚ್ ಆರಿಸಿದ್ದು ಆಮೇಲೆ ಯಾವಾಗಲೋ. ಆ ಶರ್ಟು ಸುಟ್ಟು ಹೋಗಿತ್ತು.

ಆಮೇಲಿನ ತಿಂಗಳುಗಳಲ್ಲಿ ಅವಳು ಹಿಂದಿನ ಕೋಣೆಗೆ ಕಾಲಿಡಲಿಲ್ಲ. ಆಗ ಮನೆಯ ಗಂಡು ದಿಕ್ಕಾಗಿ ನಿಂತವನು ಮೈದುನ, ಗಂಡನ ತಮ್ಮ. ಫರ್ನಿಚರ್ ಶೋರೂಮಿನಲ್ಲಿ ಸೋಫಾ ಮಾರುವವನು, ಮಾತಿನಲ್ಲಿ ಸ್ಪ್ರಿಂಗು ಉಳ್ಳವನು. ಎರಡು ಬೀದಿ ಆಚೆ ಅವನ ಸಂಸಾರ. ದಿನಾ ಸಂಜೆ ಬರುತ್ತಿದ್ದ, ಸೋಪಿನ ಡಬ್ಬಗಳನ್ನು ಒಳಗೆ ಸಾಗಿಸುತ್ತಿದ್ದ, ಖಾಲಿ ಕ್ಯಾನುಗಳನ್ನು ಹೊರಗೆ ಒಯ್ಯುತ್ತಿದ್ದ. ಅಂಗಡಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕರವಸ್ತ್ರ ಮಡಿಸುವ ಅತ್ತೆ, "ನೋಡೇ, ಅಣ್ಣನ ಋಣ ತೀರಿಸ್ತಿದ್ದಾನೆ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅವಳಿಗೂ ಹಾಗೇ ಅನ್ನಿಸಿತ್ತು.

ವರ್ಷ ತುಂಬಿದ ವಾರ ಅವಳು ಗಟ್ಟಿ ಮನಸ್ಸು ಮಾಡಿ ಜಾಡಿಯನ್ನು ಬಾಟಲಿಗಿಳಿಸಿದಳು. ಬಣ್ಣ ಇಟ್ಟಿಗೆಯ ಹಾಗೆ ಕಂಡಿತು. ಕಣ್ಣು ತುಂಬಿದ್ದಕ್ಕೆ ಹಾಗೆ ಕಾಣುತ್ತಿದೆ ಎಂದುಕೊಂಡಳು. ಒಂದು ತೊಟ್ಟು ನಾಲಿಗೆಗೆ ಹಾಕಿಕೊಳ್ಳಲಿಲ್ಲ. ಮೊದಲ ಗುಟುಕು ಸಂಘದ ಸಭೆಯಲ್ಲಿ, ಅವನ ಹೆಸರು ಹೇಳಿ, ಎಲ್ಲರ ಜೊತೆ ಎಂದು ತೀರ್ಮಾನಿಸಿದ್ದಳು.

ಸಭೆಯಲ್ಲಿ ಎಲ್ಲರೂ ಎದ್ದು ನಿಂತು ಲೋಟ ಎತ್ತಿದರು. ಎತ್ತಿದವರು ಒಬ್ಬೊಬ್ಬರಾಗಿ ಇಳಿಸಿದರು. ಹುಳಿ, ತೆಳು, ಮೇಲೊಂದು ಮಣ್ಣಿನ ವಾಸನೆ. ಅವಳು ತನ್ನ ಲೋಟವನ್ನು ಪೂರ್ತಿ ಕುಡಿದಳು, ಉಗಿಯುವುದು ಹೇಗೆ? ಸಂಘದ ಹಿರಿಯ ಗಡಿಯಾರದಜ್ಜ. ಗಡಿಯಾರ ರಿಪೇರಿ ಮಾಡುತ್ತ ಮಾಡುತ್ತ ಯಾವುದಕ್ಕೂ ಆತುರವಿಲ್ಲದವರಾದ ಮನುಷ್ಯ. ಬಾಯಿ ಒರೆಸಿಕೊಂಡು ನಿಧಾನವಾಗಿ ಹೇಳಿದರು: "ಪಾಪ, ಕೊನೆಗಾಲದಲ್ಲಿ ಅವನ ಕೈ ಸೋತಿತ್ತು ಕಾಣತ್ತೆ ತಾಯಿ. ಬೇಜಾರು ಮಾಡ್ಕೋಬೇಡ. ಎಲ್ಲರ ಕೈಯೂ ಒಂದು ದಿನ ಸೋಲತ್ತೆ."

ಕನಿಕರದ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯುತ್ತದೆ. ಉಳಿದ ಬಾಟಲಿಗಳನ್ನು ಅವಳು ಬುಟ್ಟಿಯಲ್ಲಿ ಹೊತ್ತು ಮನೆಗೆ ತಂದಳು. ಚೆಲ್ಲಲು ಕೈ ಬರಲಿಲ್ಲ, ಎಷ್ಟೆಂದರೂ ಅವನ ಕೈಯದ್ದು. ಮೈದುನ ಬಂದು ಸಮಾಧಾನ ಮಾಡಿದ. "ಅಣ್ಣನಿಗೆ ಆಗಲೇ ಮೈ ಸರಿ ಇರಲಿಲ್ಲ ಅತ್ತಿಗೆ. ಅಳತೆ ತಪ್ಪಿರಬೇಕು. ಬಿಟ್ಟುಬಿಡಿ, ಅದನ್ನೇ ನೆನೆಸ್ಕೊಂಡು ಕೊರಗಬೇಡಿ."

ಅವಳು ಬಿಟ್ಟಳು. ಎಷ್ಟರಮಟ್ಟಿಗೆ ಬಿಟ್ಟಳೆಂದರೆ, ಕೆಲವು ದಿನ ಸತ್ತ ಗಂಡನ ಮೇಲೆಯೇ ಅವಳಿಗೆ ಸಿಟ್ಟು ಬರುತ್ತಿತ್ತು. ಮೈ ಸರಿಯಿಲ್ಲ ಅಂತ ನನಗೊಂದು ಮಾತು ಹೇಳಬಾರದಿತ್ತೇ, ಅಳತೆ ನಾನು ಹಾಕುತ್ತಿದ್ದೆನಲ್ಲ ಎಂದು ಖಾಲಿ ಗೋಡೆಗೆ ಕೇಳುತ್ತಿದ್ದಳು. ಇಂಥ ಮಾತಿಗೆ ಗೋಡೆ ಏನು ಹೇಳೀತು?

ಮುಂದಿನ ವರ್ಷದ ಕೊನೆಗೆ ಒಂದು ಬಿಳಿ ಶರ್ಟು ಬಂತು. ಎದೆಯ ಮೇಲೆ ಅಂಗೈಯಗಲ ವೈನಿನ ಕಲೆ. ಶೋರೂಮ್ ಸಾಹುಕಾರರದ್ದು ಎಂದು ಡ್ರೈವರ್ ಹೇಳಿ ಹೋದ. ವೈನಿನ ಕಲೆ ಅವಳಿಗೆ ಹೊಸತಲ್ಲ. ಅಂಗಡಿಯ ವೈನ್ ಆದರೆ ಸೋಪಿಗೆ ಮೊದಲು ನೀಲಿಯಾಗಿ ಆಮೇಲೆ ಬಿಸಿಲಿಗೆ ಮಾಯವಾಗುತ್ತದೆ. ಇದರಲ್ಲಿ ಕೆಂಪು ಹೋಯಿತು, ನೀಲಿಯೂ ಹೋಯಿತು, ಆದರೆ ಅಂಚಿನಲ್ಲಿ ಮಾಸಲು ಹಳದಿ ಬಣ್ಣದ ಒಂದು ಗೆರೆ ಉಳಿಯಿತು. ಎರಡು ಸಲ ತೊಳೆದಳು. ಗೆರೆ ಅಲ್ಲಾಡಲಿಲ್ಲ.

ಅವಳು ಶರ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ ಗಂಡನ ಹಳೆಯ ಏಪ್ರನ್ ತೆಗೆದಳು. ಅದರ ಮೇಲೆಲ್ಲ ಅದೇ ಗೆರೆ, ಅದೇ ಬಣ್ಣ. ದಾಳಿಂಬೆ ಸಿಪ್ಪೆ ಬಟ್ಟೆ ಹಿಡಿದರೆ ಬಿಡುವುದಿಲ್ಲ.

ಶರ್ಟು ಒಯ್ಯಲು ಸಾಹುಕಾರರೇ ಬಂದರು. ಹೊಟ್ಟೆ ಮುಂದೆ, ನಗು ಅದಕ್ಕಿಂತ ಮುಂದೆ.

"ಕಲೆ ಪೂರ್ತಿ ಹೋಗಲಿಲ್ಲ, ಸಾರ್" ಎಂದಳು. "ಯಾವ ವೈನ್ ಇದು?"

"ಅಯ್ಯೋ ಬಿಡಮ್ಮ, ಆ ವೈನಿಗೆ ಒಂದು ಶರ್ಟು ಹೋದರೆ ಹೋಗಲಿ. ನಮ್ಮ ಸೋಫಾ ಸೆಕ್ಷನ್ ಹುಡುಗ ಮನೇಲೇ ಮಾಡೋದು. ಹೋದ ವರ್ಷ ಬಾಟಲಿ ಮೇಲೆ ಬಾಟಲಿ ತಂದುಕೊಟ್ಟ. ಇದು ಕೊನೇದು, ಬಚ್ಚಿಟ್ಟುಕೊಂಡಿದ್ದೆ."

"ಒಳ್ಳೆ ಕೈ ಹಾಗಾದರೆ."

"ಕೈಯಾ? ಚಿನ್ನ ಅನ್ನು. ಹೊಸ ಬ್ರಾಂಚ್ ಅವನ ಕೈಗೇ ಕೊಡೋಣ ಅಂತಿದೀನಿ. ಅದಕ್ಕೆ ಮೊದಲು ಶೋರೂಮಲ್ಲೇ ಒಂದು ಭಾನುವಾರ ಕ್ಲಾಸ್ ಇಡಿಸ್ತೀನಿ, ಮನೇಲಿ ವೈನ್ ಮಾಡೋದು ಹೇಗೆ ಅಂತ. ಫ್ರೀ. ಜನ ಬರ್ತಾರೆ, ಕೂರೋಕೆ ಸೋಫಾ ಬೇಕು, ಕೂತ ಮೇಲೆ ಏಳೋಕೆ ಮನಸ್ಸು ಬರಬಾರದು. ಏನಂತೀಯಾ?"

"ಒಳ್ಳೆ ಯೋಚನೆ ಸಾರ್."

ಆ ಹುಡುಗ ತನ್ನ ಮೈದುನ ಎಂದು ಅವಳು ಹೇಳಲಿಲ್ಲ. ಸಾಹುಕಾರರಿಗೂ ಗೊತ್ತಿರಲಿಲ್ಲ. ಹೊರಗೆ ಕಾರು ಹೊರಟ ಸದ್ದು ಕೇಳಿದ ಮೇಲೆ ಅವಳು ಕೌಂಟರಿನ ಅಂಚು ಹಿಡಿದು ನಿಂತಳು. ಕದ್ದದ್ದು ಒಂದು ಕಡೆ ಇರಲಿ. ಕದ್ದು, ಅಷ್ಟಕ್ಕೆ ನೀರು ತುಂಬಿ, ಬಣ್ಣಕ್ಕೆ ಬೀಟ್ರೂಟ್ ಬೇಯಿಸಿದ ರಸ ಹೊಯ್ದು, ಆ ಮಣ್ಣು ವಾಸನೆ ಅದರದ್ದೇ, ಕೊನೆಗೆ ಅವಳ ಎದುರು ಕೂತು ಅಣ್ಣನ ಅಳತೆ ತಪ್ಪಿತು ಎಂದನಲ್ಲ. ಆ ಮಾತು ನಂಬಿ ನಾನೂ ಗಂಡನನ್ನು ಬೈದೆನಲ್ಲ. ಸತ್ತವನ ಬಾಯಿ ಮುಚ್ಚಿರುತ್ತದೆ ಎಂಬ ಧೈರ್ಯ ಇವನಿಗೆ. ಮುಚ್ಚಿರಲಿ, ನಾನು ಬದುಕಿದ್ದೇನೆ ಎಂದುಕೊಂಡಳು.

ಮೂಲೆಯಲ್ಲಿ ಅತ್ತೆ ಕರವಸ್ತ್ರ ಮಡಿಸುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. "ಏನೇ? ಮುಖ ಯಾಕೆ ಹಾಗೆ?"

"ಏನಿಲ್ಲ ಅತ್ತೆ. ಒಂದು ಕಲೆ ಹೋಗ್ಲಿಲ್ಲ."

ಊರೆಲ್ಲ ಕೇಳುವ ಹಾಗೆ ಜಗಳ ತೆಗೆಯಬಹುದಿತ್ತು. ಆದರೆ ಜಗಳದಲ್ಲಿ ಮಾತು ಜಾಸ್ತಿ ಇರುವವನೇ ಗೆಲ್ಲುವುದು, ಮಾತು ಮೈದುನನ ಕಸುಬು. ಒಂದು ಹಳದಿ ಗೆರೆ ಹಿಡಿದುಕೊಂಡು ಯಾರ ಮುಂದೆ ನಿಲ್ಲುವುದು? "ಗಂಡ ಸತ್ತ ಮೇಲೆ ಅತ್ತಿಗೆಗೆ ತಲೆ ನಿಂತಿಲ್ಲ" ಎಂದು ಒಂದು ಮಾತು ಅಂದರೆ ಮುಗಿಯಿತು. ಅವಳಿಗೆ ಬೇಕಾಗಿದ್ದು ಬೇರೆ. ಯಾವ ಬಾಯಿ ಗಂಡನ ಕೈ ಸೋತಿತ್ತು ಎಂದಿತ್ತೋ, ಅದೇ ಬಾಯಿ ಅದೇ ವೈನ್ ಕುಡಿದು ಅದು ಯಾರ ಕೆಲಸ ಎಂದು ಹೇಳಬೇಕು. ಅಲ್ಲಿಯ ತನಕ ಅವಳಿಗೆ ನಿದ್ದೆಯಿಲ್ಲ.

ಹೆಚ್ಚು ಕಾಯಬೇಕಾಗಲಿಲ್ಲ. ಮರುವಾರವೇ ಮೈದುನ ಹಣ್ಣಿನ ಚೀಲ ಹಿಡಿದು ಬಂದ. ಹಣ್ಣು ತಂದನೆಂದರೆ ಕೆಲಸವಿದೆ ಎಂದೇ ಅರ್ಥ.

"ಅತ್ತಿಗೆ, ಒಂದು ಮಾತು. ಅಣ್ಣನ ಆ ವೈನ್ ಹವ್ಯಾಸ ಇತ್ತಲ್ಲ, ಅದು ಈ ಮನೇಲಿ ನಿಂತುಹೋಗಬಾರದು ಅಂತ ನನಗೆ ಆಸೆ. ನೀವು ಸ್ವಲ್ಪ ಹೇಳಿಕೊಟ್ಟರೆ..."

"ನಿನಗ್ಯಾಕಪ್ಪ ಅದು? ಹುಳಿ ಅಂದ್ರೆ ಮಾರು ದೂರ ಓಡೋನು ನೀನು."

"ಅವನು ಮಗುವಾಗಿದ್ದಾಗ ಮಜ್ಜಿಗೆ ಕೊಟ್ಟರೂ ಉಗೀತಿದ್ದ" ಎಂದರು ಅತ್ತೆ ಮೂಲೆಯಿಂದ. "ಇವತ್ತಿಗೂ ನಿಂಬೆಹಣ್ಣು ನೋಡಿದ್ರೆ ಮುಖ ಕಿವುಚ್ತಾನೆ."

"ಕುಡಿಯೋಕಲ್ಲಮ್ಮ. ಕಲಿಯೋಕೆ. ಅಣ್ಣನ ನೆನಪಿಗೆ."

ಅಣ್ಣನ ನೆನಪಿಗೆ ಎಂಬ ಮಾತಿಗೆ ಅವಳು ಕೈಯಲ್ಲಿದ್ದ ಕಾಲರನ್ನು ಇನ್ನೊಂದು ಸಲ ಉಜ್ಜಿದಳು. "ಕೂತ್ಕೋ" ಎಂದಳು. "ಹೇಳ್ತೀನಿ."

ಅವಳು ಒಂದೇ ಒಂದು ಸುಳ್ಳನ್ನೂ ಕಲಿಸಲಿಲ್ಲ. ಕಲಿಸುವುದರಲ್ಲಿ ಮೋಸ ಮಾಡಿದರೆ ಅದು ಗಂಡನ ವಿದ್ಯೆಗೆ ಮಾಡಿದ ಹಾಗೆ. ಮೊದಲು ಪಾತ್ರೆ ಎಂದಳು. "ಜಾಡಿ, ಕೊಳವೆ, ಸೌಟು, ಎಲ್ಲ ಕುದಿಯೋ ನೀರಲ್ಲಿ ತೊಳೀಬೇಕು. ಅರ್ಧ ವೈನ್ ಕೆಡೋದು ಕೊಳಕು ಪಾತ್ರೆಯಿಂದ. ದ್ರಾಕ್ಷಿ ತೊಟ್ಟು ಬಿಡಿಸು, ಕೊಳೆತದ್ದು ಎಸಿ, ಕೈಯಲ್ಲೇ ಹಿಸುಕು. ಬೀಜ ಒಡೀಬಾರದು, ಕಹಿ ಬರತ್ತೆ."

"ಮಿಕ್ಸಿಗೆ ಹಾಕಿದ್ರೆ?"

"ಬೀಜ ಒಡೀಬಾರದು ಅಂದೆ."

"ಸರಿ ಸರಿ."

"ಸಿಪ್ಪೆ ಸಮೇತ ಅಗಲ ಬಾಯಿನ ಪಾತ್ರೆಗೆ ಹಾಕು. ಸಕ್ಕರೆ ಕರಗಿಸಿ ಹಾಕು. ಯೀಸ್ಟನ್ನ ಉಗುರುಬೆಚ್ಚಗಿನ ನೀರಲ್ಲಿ ಎಬ್ಬಿಸಿ ಆಮೇಲೆ ಸೇರಿಸು. ನೀರು ಬಿಸಿ ಜಾಸ್ತಿಯಾದ್ರೆ ಅದು ಸಾಯತ್ತೆ. ಬಾಯಿಗೆ ತೆಳು ಬಟ್ಟೆ ಕಟ್ಟು, ಮುಚ್ಚಳ ಬಿಗೀಬೇಡ. ಮಾರನೇ ದಿನ ಬುಸುಗುಟ್ಟತ್ತೆ. ಸಿಪ್ಪೆ ಮೇಲೆ ಬರತ್ತೆ, ಬೆಳಿಗ್ಗೆ ಸಂಜೆ ಒಳಗೆ ತಳ್ಳು. ಬುಸುಗುಟ್ಟೋದು ಇಳಿದ ಮೇಲೆ ಸೋಸಿ ಜಾಡಿಗೆ ತುಂಬು. ಬಿರಡೆಗೆ ತೂತು ಮಾಡಿ ಕೊಳವೆ ಸಿಗಿಸಿ, ಅದರ ಇನ್ನೊಂದು ತುದಿ ನೀರಿನ ಲೋಟದಲ್ಲಿ ಮುಳುಗಿರಬೇಕು. ಒಳಗಿನ ಗಾಳಿ ಗುಳುಗುಳು ಅಂತ ಹೊರಗೆ ಬರಬೇಕು, ಹೊರಗಿನ ಗಾಳಿ ಒಳಗೆ ಹೋಗಬಾರದು."

"ಗಾಳಿ ಹೋದ್ರೆ?"

"ವಿನೆಗರ್ ಆಗತ್ತೆ. ಯಾರಾದ್ರೂ ಪದೇಪದೇ ಬಿರಡೆ ತೆಗೆದ್ರೂ ಅಷ್ಟೇ."

ಮೈದುನ ಮೂಗು ತುರಿಸಿಕೊಂಡ. ಅವಳು ನೋಡದವಳಂತೆ ಮುಂದುವರಿಸಿದಳು. "ತಳದಲ್ಲಿ ಕೆಸರು ಕೂತ ಮೇಲೆ ಮೇಲಿನ ತಿಳಿಯನ್ನ ಕೊಳವೆಯಿಂದ ಇನ್ನೊಂದು ಜಾಡಿಗೆ ಇಳಿಸ್ಕೋ. ಕೊಳವೆ ಹಾಕಿ ಎಳೆಯೋದು ನಿನಗೆ ಗೊತ್ತಿರಬೇಕಲ್ಲ?"

"ನ...ನನಗೆ ಹೇಗೆ ಗೊತ್ತಿರತ್ತೆ ಅತ್ತಿಗೆ?"

"ಸ್ಕೂಟರಿಂದ ಪೆಟ್ರೋಲ್ ತೆಗೆಯೋ ಹಾಗೆ. ಅಷ್ಟೇ. ಆಮೇಲೆ ಕಾಯೋದು. ಒಂದು ವರ್ಷ."

"ಒಂದು ವರ್ಷ?" ಅವನ ಮುಖ ಇಳಿಯಿತು. "ತಿಂಗಳಲ್ಲಿ ಆಗೋ ಥರದ್ದು ಯಾವುದೂ ಇಲ್ವಾ?"

"ಒಂಬತ್ತು ತಿಂಗಳ ಬಸಿರಿಗೆ ಮೂರು ತಿಂಗಳಲ್ಲಿ ಹೆರಿಗೆ ಮಾಡಿಸ್ತೀಯಾ? ಕಾಯ್ಬೇಕು." ಅವಳು ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ, ಏನೋ ಹೇಳಬಾರದ್ದನ್ನು ಹೇಳುವವಳಂತೆ ದನಿ ತಗ್ಗಿಸಿದಳು. "ನಾನೂ ಒಂದು ಜಾಡಿ ಇಟ್ಟಿದೀನಿ, ನಿಮ್ಮಣ್ಣನ ಲೆಕ್ಕದಲ್ಲೇ. ವರ್ಷ ತುಂಬ್ತು. ಮುಂದಿನ ತಿಂಗಳು ಸಂಘಕ್ಕೆ ಒಯ್ದು ಹೋದ ಮಾನ ಉಳಿಸ್ಕೋಬೇಕು. ಅಲ್ಲಿ ತನಕ ನಾನೂ ಮುಟ್ಟಲ್ಲ, ಯಾರೂ ಮುಟ್ಟಬಾರದು."

"ಯಾರು ಮುಟ್ತಾರೆ ಬಿಡಿ ಅತ್ತಿಗೆ."

"ಈ ಭಾನುವಾರ ಅತ್ತೇನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ. ಬೀಗದ ಕೈ ನಿನ್ನ ಹತ್ರಾನೂ ಒಂದಿದೆಯಲ್ಲ, ಒಂದ್ಸಲ ಬಂದು ನಲ್ಲಿ ನಿಂತಿದೆಯಾ ನೋಡಪ್ಪ."

ಬೆಕ್ಕನ್ನು ಹಾಲಿಗೆ ಕಾವಲಿಟ್ಟ ಹಾಗಾಯಿತು. ಆದರೆ ಜಾಡಿಯಲ್ಲಿದ್ದದ್ದು ಹಾಲಲ್ಲ. ಆ ಶನಿವಾರ ಅಂಗಡಿ ಮುಚ್ಚಿದ ಮೇಲೆ ಅವಳು ಸಂಘದಿಂದ ಹೊತ್ತು ತಂದಿದ್ದ ಬಾಟಲಿಗಳನ್ನೆಲ್ಲ ಒಂದೊಂದಾಗಿ ತೆರೆದು ಗಂಡನ ಜಾಡಿಗೇ ಸುರಿದಿದ್ದಳು. ಮೈದುನ ಹೊಯ್ದ ನೀರು, ಮೈದುನ ಹೊಯ್ದ ಬೀಟ್ರೂಟ್ ರಸ, ಅದರ ಅಡಿಯಲ್ಲೆಲ್ಲೋ ಗಂಡನ ಕೈಯದ್ದು ಒಂದಿಷ್ಟು. ಮೇಲೆ ಬಟ್ಟೆ ಹೊದೆಸಿ, ಬಿರಡೆ ಹಾಕಿ, ಕೊಳವೆಯನ್ನು ನೀರಿನ ಲೋಟಕ್ಕೆ ಇಳಿಬಿಟ್ಟಳು. ಹೊಸದಾಗಿ ಅವಳು ಸೇರಿಸಿದ್ದು ಏನೂ ಇರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲಿ, ಅದೂ ಅವನದ್ದೇ ನೀರು.

ಭಾನುವಾರ ಡಾಕ್ಟರರಿಂದ ವಾಪಸು ಬಂದಾಗ ಜಾಡಿ ತುಂಬಿಯೇ ಇತ್ತು. ಒಳಗಿನದು ಇನ್ನಷ್ಟು ತೆಳ್ಳಗಾಗಿತ್ತು, ಅಷ್ಟೇ. ಹಳೆಯ ಕಳ್ಳ ಹೊಸ ದಾರಿ ಹುಡುಕುವ ಶ್ರಮ ತೆಗೆದುಕೊಂಡಿರಲಿಲ್ಲ. ಅವಳು ನೆಲದ ಮೇಲೆ ಬಿದ್ದಿದ್ದ ಕೆಂಪು ಹನಿಯನ್ನು ಒರೆಸಿ, ಸಂಜೆಗೆ ಗಡಿಯಾರದಜ್ಜನ ಅಂಗಡಿಗೆ ಹೋದಳು.

"ಅಜ್ಜ, ಶೋರೂಮಲ್ಲಿ ವೈನ್ ಕ್ಲಾಸ್ ಅಂತೆ, ಫ್ರೀ. ನಮ್ಮ ಸಂಘದವರೂ ನಾಲ್ಕು ಜನ ಹೋಗೋಣ."

ಅಜ್ಜ ಒಂದು ಕಣ್ಣಿನ ಭೂತಗನ್ನಡಿ ತೆಗೆಯದೆಯೇ ಅವಳನ್ನು ನೋಡಿದರು. "ನನಗೆ ಪಾಠ ಹೇಳೋನು ಯಾರಮ್ಮ?"

"ನಮ್ಮ ಮೈದುನ."

"ಅವನಿಗೆ ಯಾವಾಗ ಬಂತು ಇದು?"

"ಅದನ್ನ ಕೇಳೋಕೇ ಹೋಗೋಣ ಅಂದದ್ದು."

ಮುಂದಿನ ಭಾನುವಾರ ಶೋರೂಮಿನಲ್ಲಿ ಸೋಫಾಗಳನ್ನೆಲ್ಲ ಸಾಲಾಗಿ ತಿರುಗಿಸಿಟ್ಟಿದ್ದರು. ಜನ ಚೆನ್ನಾಗಿಯೇ ಸೇರಿದ್ದರು. ಬಿಟ್ಟಿ ಕುಡಿತ ಎಂದರೆ ಯಾರಿಗೆ ಹವ್ಯಾಸವಿಲ್ಲ? ಬೆಲೆಯ ಚೀಟಿ ನೇತಾಡುವ ತೋಳಿನ ಮೇಲೆ ಕೈಯಿಟ್ಟು ಗಡಿಯಾರದಜ್ಜ ಮುಂದಿನ ಸಾಲಿನಲ್ಲಿ ಕೂತರು. ಅವಳು ಅತ್ತೆಯನ್ನು ಕರೆದುಕೊಂಡು ಕೊನೆಯ ಸಾಲಿಗೆ ಹೋದಳು. ಮಗ ಪಾಠ ಹೇಳುತ್ತಾನೆ ಎಂದು ಅತ್ತೆ ಇಸ್ತ್ರಿ ಮಾಡಿಸಿದ ಸೀರೆ ಉಟ್ಟಿದ್ದರು.

ಮೈದುನ ಚೆನ್ನಾಗಿ ಮಾತಾಡಿದ. ಬೀಜ ಒಡೆಯಬಾರದು, ಯೀಸ್ಟ್ ಸಾಯಬಾರದು, ಗಾಳಿ ಒಳಗೆ ಹೋಗಬಾರದು, ಅವಳು ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದ. "ಒಂಬತ್ತು ತಿಂಗಳ ಬಸಿರಿಗೆ ಮೂರು ತಿಂಗಳಲ್ಲಿ ಹೆರಿಗೆ ಮಾಡಿಸ್ತೀರಾ?" ಎಂದಾಗ ಜನ ನಕ್ಕರು. ಸಾಹುಕಾರರು ಎಲ್ಲರಿಗಿಂತ ಜೋರಾಗಿ ನಕ್ಕರು.

"ಇದೆಲ್ಲ ನೀನು ಹೇಳಿಕೊಟ್ಟದ್ದಲ್ವೇನೇ?" ಎಂದು ಅತ್ತೆ ಪಿಸುಗುಟ್ಟಿದರು.

"ಸುಮ್ನಿರಿ ಅತ್ತೆ, ಈಗ ಬರತ್ತೆ."

ಕೊನೆಗೆ ಪುಟ್ಟ ಲೋಟಗಳ ತಟ್ಟೆ ಬಂತು. "ಇದು ಹೋದ ವರ್ಷ ನಾನೇ ಮಾಡಿದ್ದು" ಎಂದ ಮೈದುನ. "ಜಾಡಿ ತೊಳೆದದ್ದರಿಂದ ಹಿಡಿದು ಬಾಟಲಿ ತನಕ ಬೇರೆ ಕೈ ಮುಟ್ಟಿಲ್ಲ. ಕುಡಿದು ಹೇಳಿ."

ಸಾಹುಕಾರರು ಒಂದು ಗುಟುಕು ಎತ್ತಿದರು. ಹಿಂದಿನ ಸಾಲಿನಿಂದ ಅವಳಿಗೆ ಅವರ ಕುತ್ತಿಗೆ ಮಾತ್ರ ಕಾಣುತ್ತಿತ್ತು. ಕುತ್ತಿಗೆ ಒಮ್ಮೆ ಮೇಲೆ ಹೋಗಿ ಅಲ್ಲೇ ನಿಂತಿತು. ಸೋಫಾಗಳ ಮೇಲೆಲ್ಲ ಕರವಸ್ತ್ರಗಳು ಹೊರಬಂದವು. ಯಾರೋ ಹೂವಿನ ಕುಂಡಕ್ಕೆ ಬಗ್ಗಿದರು.

"ಏನಯ್ಯ ಇದು?" ಎಂದರು ಸಾಹುಕಾರರು.

ಗಡಿಯಾರದಜ್ಜ ಮಾತ್ರ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಮೂಸಿದರು. ಒಂದು ತೊಟ್ಟು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಅವರಿಗೆ ಆತುರವಿರಲಿಲ್ಲ, ಅವಳಿಗೂ ಇರಲಿಲ್ಲ.

"ಇದನ್ನ ನಾನು ಕುಡಿದಿದೀನಲ್ಲ" ಎಂದರು. "ಹೋದ ವರ್ಷ ನಮ್ಮ ಸಂಘದಲ್ಲಿ. ಇದೇ ಹುಳಿ, ಇದೇ ಮಣ್ಣು ವಾಸನೆ. ಹುಳಿ ಸ್ವಲ್ಪ ಏರಿದೆ, ಅಷ್ಟೇ. ಅವತ್ತು ಇದು ನಿಮ್ಮಣ್ಣ ಮಾಡಿದ್ದು ಅಂತ ಕುಡಿದ್ವಿ. ಅವನ ಕೈ ಸೋತಿದೆ ಅಂತ ನಾನೇ ಹೇಳಿದೆ. ಈಗ ನೀನು ಮಾಡಿದ್ದು ಅಂತೀಯಾ. ಯಾರು ಮಾಡಿದ್ದಪ್ಪ?"

ಅತ್ತ ದರಿ, ಇತ್ತ ಪುಲಿ. ನಾನೇ ಮಾಡಿದ್ದು ಎಂದರೆ ಸಂಘದಲ್ಲಿ ಅಣ್ಣನ ಹೆಸರು ಕೆಡಿಸಿದ ಆ ನೀರೂ ಅವನದ್ದೇ ಆಗುತ್ತದೆ. ನಾನಲ್ಲ ಎಂದರೆ ಎದುರಿಗೆ ಕೂತ ಸಾಹುಕಾರರಿಗೆ ವರ್ಷವಿಡೀ ಹೇಳಿದ್ದು ಸುಳ್ಳಾಗುತ್ತದೆ. ಮೈದುನ ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಅದು... ಇದು ಅತ್ತಿಗೆ ಜಾಡಿದು" ಎಂದ ಕೊನೆಗೆ. "ಅವರು ಮಾಡಿದ್ದೇ ಕೆಟ್ಟಿದ್ರೆ ನಾನೇನು ಮಾಡ್ಲಿ?"

ಎಲ್ಲರೂ ಹಿಂದೆ ತಿರುಗಿದರು. ಅವಳು ಎದ್ದು ನಿಂತಳು. ಮನೆಯಲ್ಲಿ ಹತ್ತಾರು ಸಲ ಹೇಳಿಕೊಂಡಿದ್ದ ಉದ್ದದ ಮಾತು ಬಾಯಿಗೆ ಬರಲಿಲ್ಲ. ಅದರ ಅಗತ್ಯವೂ ಕಾಣಲಿಲ್ಲ.

"ನನ್ನ ಜಾಡಿದೇ ಸಾರ್" ಎಂದಳು ಸಾಹುಕಾರರಿಗೆ. "ನಾನು ಮಾಡಿದ್ದಲ್ಲ. ನೀವು ಹೋದ ವರ್ಷ ಕುಡಿದದ್ದು ನನ್ನ ಗಂಡ ಮಾಡಿದ್ದು, ಅದರ ಕಲೆ ನಿಮ್ಮ ಶರ್ಟಿನ ಮೇಲಿದೆ. ಅದನ್ನ ತೆಗೆದುಕೊಂಡ ಜಾಗಕ್ಕೆ ಇವನು ತುಂಬಿಟ್ಟ ನೀರು ಇದು. ಎಲ್ಲಾ ಬಾಟಲಿ ವಾಪಸ್ ಜಾಡಿಗೆ ಹಾಕಿಟ್ಟಿದ್ದೆ. ಬಂದು ತಗೊಂಡು ಹೋಗಿದ್ದಾನೆ. ಅವನದ್ದನ್ನ ಅವನೇ ತಗೊಂಡದ್ದು, ಕಳ್ಳತನ ಅಂತ ನಾನು ಹೇಳಲ್ಲ."

ಯಾರೋ ನಕ್ಕರು. ಆ ನಗು ಒಂದು ಸೋಫಾದಿಂದ ಇನ್ನೊಂದಕ್ಕೆ ದಾಟುತ್ತ ಮುಂದಿನ ಸಾಲಿನ ತನಕ ಹೋಯಿತು. ಮೈದುನ ತಟ್ಟೆ ಹಿಡಿದುಕೊಂಡೇ ನಿಂತಿದ್ದ. ಅವಳು ಅವನ ಮುಖವನ್ನು ಚೆನ್ನಾಗಿ ನೋಡಿದಳು, ನೋಡಬೇಕೆಂದೇ ಬಂದಿದ್ದಳು. ಎದೆಯ ಕೆಂಡಕ್ಕೆ ತಣ್ಣೀರು ಬಿದ್ದ ಸದ್ದು ಅವಳಿಗೇ ಕೇಳಿಸಿತು.

ಅಜ್ಜ ಕೋಲೂರಿಕೊಂಡು ಎದ್ದರು. "ಹಾಗಾದ್ರೆ ಅವನ ಕೈ ಸೋತಿರಲಿಲ್ಲ" ಎಂದರು, ಎಲ್ಲರಿಗೂ ಕೇಳುವಂತೆ. "ನನ್ನ ನಾಲಿಗೆ ಸೋತಿತ್ತು. ತಪ್ಪಾಯ್ತು ತಾಯಿ."

ಮನೆಗೆ ಬಂದು ಅಂಗಡಿಯ ಬಾಗಿಲು ತೆಗೆದ ಮೇಲೆ ಅತ್ತೆ ತಮ್ಮ ಕುರ್ಚಿಯಲ್ಲಿ ಕೂರದೆ ನಿಂತೇ ಹೇಳಿದರು: "ಅವನು ಕ್ಯಾನ್ ತುಂಬ್ಕೊಂಡು ಹೋಗೋದನ್ನ ನಾನು ಅವಾಗಲೇ ನೋಡಿದ್ದೆ ಕಣೇ."

ಅವಳು ತಿರುಗಿದಳು.

"ಒಬ್ಬ ಹೋಗಿ ತಿಂಗಳಾಗಿತ್ತು. ಇರೋ ಒಬ್ಬನ್ನ ಕಳ್ಳ ಅಂತ ಹೇಗೆ ಕರೀಲಿ? ಸೋಪಿನ ನೀರು ಇರಬೇಕು ಅಂತ ನನಗೆ ನಾನೇ ಹೇಳ್ಕೊಂಡೆ."

"ನನಗೊಂದು ಮಾತು ಹೇಳಿದ್ರೆ ಆ ಸಭೇಲಿ ನಾನು ಹಾಗೆ ನಿಲ್ತಿರಲಿಲ್ಲ ಅತ್ತೆ."

"ಗೊತ್ತು. ಇವತ್ತು ಅವನು ಹಾಗೆ ನಿಂತಿದ್ನಲ್ಲ, ಅದನ್ನೂ ನೋಡಿದೆ. ಎರಡೂ ನನ್ನ ಹೊಟ್ಟೇದೇ." ಅವರು ಮಡಿಸಿಟ್ಟಿದ್ದ ಕರವಸ್ತ್ರಗಳನ್ನು ಒಮ್ಮೆ ಸರಿಮಾಡಿದರು. "ಕೆಲಸ ಹೋದ್ರೆ ಅವನ ಮನೇಲಿ ಒಲೆ ಉರಿಯೋದು ಕಷ್ಟ. ಮಕ್ಕಳಿದಾವೆ. ನಾನು ಸ್ವಲ್ಪ ದಿನ ಅಲ್ಲಿರ್ತೀನಿ."

ಮಾರನೆಯ ದಿನ ಅತ್ತೆ ತಮ್ಮ ಬಟ್ಟೆಯ ಗಂಟು ಹಿಡಿದು ಎರಡು ಬೀದಿ ದಾಟಿದರು. ಮೂಲೆಯ ಕುರ್ಚಿ ಖಾಲಿಯಾಯಿತು.

ತಿಂಗಳಾದ ಮೇಲೆ ಸಾಹುಕಾರರು ಬಟ್ಟೆ ತೆಗೆದುಕೊಂಡು ಹೋಗಲು ಬಂದರು. ಮೈದುನನನ್ನು ಕೆಲಸದಿಂದ ತೆಗೆದಿರಲಿಲ್ಲ. ಬ್ರಾಂಚ್ ಬೇರೆಯವರಿಗೆ ಕೊಟ್ಟಿದ್ದರು, ಇವನನ್ನು ಗೋದಾಮಿಗೆ ಹಾಕಿದ್ದರು. "ಅಲ್ಲಿ ಮಾತಾಡೋಕೆ ಮಂಚಗಳು ಬಿಟ್ರೆ ಯಾರೂ ಇಲ್ಲ" ಎಂದು ನಕ್ಕರು. ಅವಳು ನಗಲಿಲ್ಲ. ಶರ್ಟುಗಳನ್ನು ಕವರಿಗೆ ಹಾಕುತ್ತ, ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತನ್ನು ಕೇಳಿಯೇ ಬಿಟ್ಟಳು. ಅದನ್ನು ಕೇಳಬಹುದಾದ ಇನ್ನೊಬ್ಬರು ಈ ಭೂಮಿಯ ಮೇಲೆ ಇರಲಿಲ್ಲ. ಮೈದುನ ನಾಲಿಗೆಗೆ ಹಾಕಿದವನಲ್ಲ, ಅವಳು ಕುಡಿದದ್ದು ನೀರು.

"ಸಾರ್, ಆ ವೈನ್, ಮೊದಲಿನದ್ದು. ಹೇಗಿತ್ತು?"

"ಯಾವುದು? ಓ, ಅದಾ. ಚೆನ್ನಾಗಿತ್ತಮ್ಮ, ಬಹಳ ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ? ಕುಡಿದಾಗ ಮೊದಲು ನಾಲಿಗೆ ಹಿಡೀತಿತ್ತಾ? ಒಗರು ಇತ್ತಾ?"

ಸಾಹುಕಾರರು ಪ್ರಾಮಾಣಿಕವಾಗಿ ಯೋಚಿಸಿದರು. ಹುಬ್ಬು ಗಂಟಿಕ್ಕಿ, ಚಾವಣಿ ನೋಡಿ, ತುಟಿಯನ್ನು ಒಮ್ಮೆ ಸವರಿಕೊಂಡರು. "ನಾವು ಸೋಡಾ, ಐಸು ಹಾಕ್ಕೊಂಡು ಕುಡಿದ್ವಮ್ಮ" ಎಂದರು. "ಜೊತೆಗೆ ತಿನ್ನೋಕೆ ಖಾರದ್ದು ಬೇರೆ ಇತ್ತು. ಅಷ್ಟು ನೆನಪಿಲ್ಲ ನೋಡು."

ಅವಳು ಚೀಟಿ ಹರಿದು ಕೊಟ್ಟಳು. ಅವರು ಹೋದರು.

ಸಂಘದವರು ಗಂಡನ ಹೆಸರಿಗೆ ಅಂಟಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಂಡರು, ಅದು ಅವಳಿಗೆ ಸಿಕ್ಕಿತು. ಮೈದುನ ಅಣ್ಣನ ವಿದ್ಯೆ ಮಾರಿ ಏರಬೇಕೆಂದಿದ್ದ ಕುರ್ಚಿ ಅವನಿಗೆ ದಕ್ಕಲಿಲ್ಲ, ಅದೂ ಸಿಕ್ಕಿತು. ಅತ್ತೆ ಹೋದರು, ಅಂಗಡಿಯಲ್ಲಿ ಮಾತಿಗೆ ಮಾತು ಕೊಡುವವರಿಲ್ಲ. ಗಂಡ ಕೊನೆಯ ಸಲ ಮಾಡಿದ ವೈನಿನ ರುಚಿ ಏನಿತ್ತು ಎಂಬುದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ.